ಹಾಗಲಕ್ಕೆ ಬೇವಿನ ಸಾಕ್ಷಿ

ಕಳ್ಳನಿಗೆ ಕಳ್ಳನೇ ಜಾಮೀನು ನಿಂತಾಗ ನಮ್ಮ ಹಿರಿಯರು ‘ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ’ ಎಂದು ನಗುತ್ತಿದ್ದರು. ಗಾದೆಯ ವ್ಯಂಗ್ಯವನ್ನು ಪಕ್ಕಕ್ಕಿಟ್ಟು ಅದರ ಮಾತನ್ನೇ ಅಕ್ಷರಶಃ ಹಿಡಿದು ನೋಡಿದರೆ ಅಲ್ಲಿ ಒಂದು ನಿಜವಾದ ತೊಡಕು ಕಾಣಿಸುತ್ತದೆ. ಪಾಯಸಕ್ಕೆ ಎಷ್ಟು ಅಚ್ಚು ಬೆಲ್ಲ ಹಾಕಿದೆವೆಂದು ಹೇಳಿದರೆ ಅದರ ಸಿಹಿ ಕೇಳಿದವರಿಗೆ ಹೆಚ್ಚು ಕಡಮೆ ತಿಳಿಯುತ್ತದೆ. ಉಪ್ಪಿಗೆ ಹಿಡಿ ಉಂಟು, ಚಿಟಿಕೆ ಉಂಟು. ಕಹಿಗೆ ಮಾತ್ರ ಸೇರೂ ಇಲ್ಲ, ಪಾವೂ ಇಲ್ಲ. ಒಂದರ ಕಹಿ ಎಷ್ಟೆಂದು ಹೇಳಬೇಕಾದರೆ ಇನ್ನೊಂದು ಕಹಿಯನ್ನೇ ಕರೆತಂದು ಪಕ್ಕದಲ್ಲಿ ನಿಲ್ಲಿಸಬೇಕಾಗುತ್ತದೆ. ಗಾದೆ ಕಟ್ಟಿದವನು ನ್ಯಾಯಾಲಯವನ್ನು ಬಲ್ಲವನೋ ಇಲ್ಲವೋ, ನಾಲಗೆಯನ್ನಂತೂ ಚೆನ್ನಾಗಿ ಬಲ್ಲವನು.

ಈ ವಿಚಾರ ನನ್ನ ತಲೆಗೆ ಹೊಕ್ಕದ್ದು ಒಬ್ಬ ಹಳೆಯ ಶಿಷ್ಯನ ಪತ್ರದಿಂದ. ಸೊರಬದ ಕಡೆಯ ಹುಡುಗ. ಪದವಿ ತರಗತಿಯಲ್ಲಿ ನನ್ನಿಂದ ಹಳಗನ್ನಡ ಪಾಠ ಹೇಳಿಸಿಕೊಂಡು, ಆಮೇಲೆ ಅದಕ್ಕೆ ಯಾವ ಸಂಬಂಧವೂ ಇಲ್ಲದ ಕಂಪ್ಯೂಟರಿನ ಕೆಲಸ ಹಿಡಿದು ಅಮೆರಿಕ ಸೇರಿದವನು. ಅಲ್ಲಿ ರಜೆಯ ದಿನಗಳಲ್ಲಿ ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಬಿಯರ್ ತಯಾರಿಸುವ ಹವ್ಯಾಸ ಹಚ್ಚಿಕೊಂಡಿದ್ದಾನೆ. ಆ ದೇಶದಲ್ಲಿ ಅದು ಅಪರಾಧವಲ್ಲ. ಈ ಸಲ ೨೦ ಲೀಟರು ಪೇಲ್ ಏಲ್ ಎಂಬ ತಿಳಿಬಣ್ಣದ ಬಿಯರ್ ಮಾಡಿದನಂತೆ. ‘ಲೆಕ್ಕದ ಪ್ರಕಾರ ಕಹಿ ೩೫ ಬರಬೇಕು ಸಾರ್. ನನ್ನ ನಾಲಗೆಗೆ ೬೦ ಅನ್ನಿಸುತ್ತದೆ, ಜೊತೆಯವನಿಗೆ ೨೫ ಅನ್ನಿಸುತ್ತದಂತೆ. ನಮ್ಮಲ್ಲಿ ಯಾರು ಸರಿ? ಇಷ್ಟಕ್ಕೂ ಇದು ಕಹಿಯೋ ಒಗರೋ ಎಂದೇ ನನಗೆ ಸಂದೇಹ’ ಎಂದು ಬರೆದಿದ್ದ. ಬಿಯರಿನ ವಿಷಯದಲ್ಲಿ ನಾನು ಯಾವ ಅಧಿಕಾರಿಯೂ ಅಲ್ಲ. ಆದರೆ ಕಹಿಯೋ ಒಗರೋ ಎಂಬ ಪ್ರಶ್ನೆ ಕನ್ನಡ ಮೇಷ್ಟರ ವ್ಯಾಪ್ತಿಗೆ ಸೇರಿದ್ದು. ಅದರ ಬೆನ್ನು ಹತ್ತಿ ಹೊರಟವನಿಗೆ ಈ ಕಹಿಯ ಚರಿತ್ರೆ ಲಂಡನ್ನಿನಿಂದ ಹೊರಟು ನಮ್ಮ ಸಹ್ಯಾದ್ರಿಯ ಕಾಡಿನವರೆಗೂ ಬಂದುಹೋಗಿದೆ ಎಂದು ತಿಳಿಯಿತು. ಮದ್ಯದ ಮಾತೆಂದು ವಾಚಕರು ಹುಬ್ಬು ಗಂಟಿಕ್ಕಬಾರದು. ನಮ್ಮ ಮಹಾಕಾವ್ಯಗಳ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಬನವಾಸಿಯನ್ನು ಅಷ್ಟೊಂದು ಪ್ರೀತಿಯಿಂದ ನೆನೆದ ಪಂಪನೂ ಅದನ್ನು ಬಿಟ್ಟಿಲ್ಲ.

ಮೊದಲು ಬಿಯರಿಗೆ ಕಹಿ ಏಕೆ ಬೇಕಾಯಿತು ಎಂಬುದನ್ನು ನೋಡೋಣ. ಮೊಳಕೆ ಕಟ್ಟಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿದರೆ ಹಿಟ್ಟಿನ ಅಂಶ ಸಕ್ಕರೆಯಾಗಿ ಇಳಿಯುತ್ತದೆ; ರಾಗಿ ಮಾಲ್ಟ್ ಮಾಡಿ ಬಲ್ಲ ಮನೆಗಳಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಆ ಸಿಹಿನೀರಿಗೆ ಯೀಸ್ಟ್ ಬಿದ್ದರೆ ಹುದುಗಿ ಬಿಯರ್ ಆಗುತ್ತದೆ. ಹುದುಗಿದ್ದು ಅಲ್ಲಿಗೇ ನಿಲ್ಲುವುದಿಲ್ಲ, ಹುಳಿಯ ಕಡೆಗೆ ನಡೆಯುತ್ತದೆ. ಯುರೋಪಿನವರು ಇದನ್ನು ತಡೆಯಲು ನಾನಾ ಸೊಪ್ಪು ಬೇರುಗಳನ್ನು ಹಾಕಿ ನೋಡಿ, ಕೊನೆಗೆ ಹಾಪ್ಸ್ ಎಂಬ ಬಳ್ಳಿಯ ಹೂವಿಗೆ ಗಂಟುಬಿದ್ದರು. ಹೆಣ್ಣು ಬಳ್ಳಿಯ ಹೂಗೊಂಚಲಿನ ಎಸಳುಗಳ ಬುಡದಲ್ಲಿ ಹಳದಿಯ ಅಂಟುಪುಡಿ ಇರುತ್ತದೆ. ಅದರಲ್ಲಿರುವ ಆಮ್ಲಗಳು ಕುದಿಯುವಾಗ ರೂಪ ಬದಲಿಸಿ ಕಹಿಯಾಗುತ್ತವೆ, ಮತ್ತು ಹುಳಿ ಹಿಡಿಸುವ ಬ್ಯಾಕ್ಟೀರಿಯಗಳಲ್ಲಿ ಬಹುಪಾಲನ್ನು ತಲೆಯೆತ್ತಗೊಡುವುದಿಲ್ಲ. ೧೨ನೆಯ ಶತಮಾನದಲ್ಲಿ ಜರ್ಮನಿಯ ಸಂನ್ಯಾಸಿನಿ ಹಿಲ್ಡೆಗಾರ್ಡ್ ತನ್ನ ಗ್ರಂಥದಲ್ಲಿ ಈ ಹೂವಿನ ಕಹಿ ಪಾನೀಯವನ್ನು ಕೆಡದಂತೆ ಕಾಯುತ್ತದೆ ಎಂದು ಬರೆದಿಟ್ಟಿದ್ದಾಳೆ. ನಮ್ಮಲ್ಲಿ ಅಲ್ಲಮಪ್ರಭು, ಅಕ್ಕಮಹಾದೇವಿ ಇದ್ದ ಕಾಲವೂ ಅದೇ ಶತಮಾನ.

ಕಹಿ ಇಲ್ಲಿ ರುಚಿಯಾಗಿ ಬಂದದ್ದಲ್ಲ, ಕಾವಲುಗಾರನಾಗಿ ಬಂದದ್ದು. ಸೊರಬ-ಸಾಗರದ ಮನೆಗಳಲ್ಲಿ ಅಪ್ಪೆಮಿಡಿಯ ಉಪ್ಪಿನಕಾಯಿ ಹಾಕುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಿಡಿ ವರ್ಷಗಟ್ಟಲೆ ಕೆಡದಿರಲೆಂದು ಉಪ್ಪು ಸುರಿಯುತ್ತೇವೆ. ಬರುಬರುತ್ತ ಆ ಉಪ್ಪೇ ರುಚಿಯೆನಿಸಿ, ಉಪ್ಪು ಕಡಮೆಯಾದ ಉಪ್ಪಿನಕಾಯಿಯನ್ನು ಸಪ್ಪೆಯೆಂದು ದೂರ ತಳ್ಳುತ್ತೇವೆ.

ಇದಕ್ಕೆ ಪ್ರತಿಯಾಗಿ ನಮ್ಮ ಸೀಮೆಯದೇ ಪಾನೀಯವಾದ ಬಗನಿಯ ಕಳ್ಳನ್ನು ನೋಡಿ. ಸೊರಬ, ಸಾಗರ, ಹೊಸನಗರದ ಕಾಡಂಚಿನಲ್ಲಿ, ತೋಟದ ಬದಿಯಲ್ಲಿ ಬಗನಿಯ ಮರ ಆನೆಯ ಬಾಲದಂಥ ಗೊಂಚಲು ಇಳಿಬಿಟ್ಟು ನಿಂತಿರುವುದನ್ನು ವಾಚಕರು ಕಂಡಿರಬಹುದು. ೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಬನವಾಸಿಯಿಂದ ಚಂದ್ರಗುತ್ತಿಯ ದಾರಿ ಹಿಡಿದು ಕೆಳದಿ, ಇಕ್ಕೇರಿಗಳ ಕಡೆ ಹೋದದ್ದು ಈ ಮರಗಳ ನಡುವೆಯೇ. ಹಿಂದೆ ಮರ ಹತ್ತಿ ಕಳ್ಳು ಇಳಿಸುವ ಕಸುಬು ಹಳೇಪೈಕರದು, ಅಂದರೆ ಇಂದು ದೀವರೆನ್ನುವವರದು, ಎಂದು ಇಂಗ್ಲಿಷರ ಕಾಲದ ಗ್ಯಾಸೆಟಿಯರುಗಳು ಬರೆದುಕೊಂಡಿವೆ. ಹಳೇಪೈಕ ಎಂದರೆ ಹಳೆಯ ಕಾಲಾಳು ಎಂದು ಅರ್ಥ ಹೇಳುವುದೂ ಉಂಟು. ಅವರಲ್ಲಿ ಬಹು ಮಂದಿ ಗದ್ದೆಯ ರೈತರು ಎಂಬುದನ್ನು ಮಾತ್ರ ಗ್ಯಾಸೆಟಿಯರು ಓದುವವರು ಮರೆತುಬಿಡುತ್ತಾರೆ. ಬಗನಿಯ ಗೊಂಚಲು ಕೊಯ್ದು ಮಡಕೆ ಕಟ್ಟಿದರೆ ಮುಂಜಾನೆ ಇಳಿಸಿದ ರಸ ಸಿಹಿ. ಬಿಸಿಲೇರುವ ಹೊತ್ತಿಗೆ ನೊರೆ, ಸಂಜೆಗೆ ಹುಳಿ, ಇನ್ನೆರಡು ದಿನ ಬಿಟ್ಟರೆ ಬರಿಯ ವಿನಿಗರ್. ಸಿಂಹಳದಲ್ಲಿ ಇದೇ ಮರದ ರಸ ಹುದುಗುವುದನ್ನು ತಡಮಾಡಲು ‘ಹಾಲ್’ ಎಂಬ ಮರದ ಒಗರು ತೊಗಟೆಯ ಚೂರನ್ನು ಮಡಕೆಗೆ ಹಾಕುವುದುಂಟು. ನಮ್ಮ ಕಡೆ ಕಹಿಯನ್ನೇನಾದರೂ ಹಾಕುತ್ತಿದ್ದರೋ ಎಂದು ಚಂದ್ರಗುತ್ತಿಯ ಹತ್ತಿರ ಒಬ್ಬ ವೃದ್ಧರನ್ನು ವಿಚಾರಿಸಿದೆ. ಅವರು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, ‘ಸಂಜೆಗೆ ಮುಗಿಯೋದಕ್ಕೆ ಕಹಿ ಯಾಕೆ ಮೇಷ್ಟ್ರೇ?’ ಎಂದರು.

ಊರಿನಲ್ಲೇ ಹುಟ್ಟಿ ಊರಿನಲ್ಲೇ ಮುಗಿಯುವ ಪಾನೀಯಕ್ಕೆ ಕಹಿ ಬೇಕಿಲ್ಲ. ಆರು ತಿಂಗಳು ಹಡಗಿನ ಹೊಟ್ಟೆಯಲ್ಲಿ ಕೂರಬೇಕಾದದ್ದಕ್ಕೆ ಬೇಕು. ಇಂಗ್ಲೆಂಡಿನಿಂದ ಹೊರಟ ಹಡಗು ಆಫ್ರಿಕದ ತುದಿ ಸುತ್ತಿ, ಭೂಮಧ್ಯರೇಖೆಯನ್ನು ಎರಡು ಸಲ ದಾಟಿ, ನಾಲ್ಕರಿಂದ ಆರು ತಿಂಗಳಲ್ಲಿ ಮದರಾಸು, ಕಲ್ಕತ್ತೆಗಳನ್ನು ಮುಟ್ಟುತ್ತಿತ್ತು. ಸೂಯೆಜ್ ಕಾಲುವೆ ತೆರೆದದ್ದು ೧೮೬೯ರಲ್ಲಿ. ಬಿಸಿನಾಡಿಗೆ ಕಳಿಸುವ ಬಿಯರಿಗೆ ಹಾಪ್ಸ್ ಹೆಚ್ಚು ಹಾಕಬೇಕೆಂಬ ತಿಳಿವಳಿಕೆ ೧೮ನೆಯ ಶತಮಾನದಲ್ಲೇ ಇತ್ತು. ಲಂಡನ್ನಿನ ಪೂರ್ವದಲ್ಲಿ ಕುಂಪಣಿಯ ಹಡಗುಕಟ್ಟೆಗೆ ಸಮೀಪದಲ್ಲಿದ್ದ ಬೋ ಎಂಬಲ್ಲಿ ಹಾಡ್ಜ್‌ಸನ್ ಮನೆತನದವರ ಬಿಯರ್ ಭಟ್ಟಿ ೧೭೫೨ರಿಂದ ನಡೆಯುತ್ತಿತ್ತು. ಕುಂಪಣಿಯ ಕಪ್ತಾನರು ಅಲ್ಲಿಂದ ಪೀಪಾಯಿಗಳನ್ನು ಸಾಲಕ್ಕೆ ಎತ್ತಿಕೊಂಡು ಬಂದು ಇಲ್ಲಿ ಲಾಭಕ್ಕೆ ಮಾರುತ್ತಿದ್ದರು. ಈ ಬಿಯರನ್ನು ಹಾಡ್ಜ್‌ಸನ್ನನೇ ಹಿಂದೂಸ್ಥಾನಕ್ಕೆಂದು ಕಂಡುಹಿಡಿದನೆಂಬ ಕಥೆ ಬಹು ಕಾಲ ಓಡಾಡಿತು. ಅದಕ್ಕೆ ಆಧಾರವಿಲ್ಲವೆಂದು ಈಚಿನ ಸಂಶೋಧಕರು ತೋರಿಸಿದ್ದಾರೆ. ಅವನದು ಜಾಗದ ಅನುಕೂಲ ಮತ್ತು ಸಾಲದ ಉದಾರತೆ, ಅಷ್ಟೆ. ೧೮೨೧ರ ಸುಮಾರಿಗೆ ಆ ಮನೆತನದವರು ಸಾಲ ನಿಲ್ಲಿಸಿ ತಾವೇ ಹಡಗು ವ್ಯಾಪಾರಕ್ಕೆ ಕೈಹಾಕಿದಾಗ ಕುಂಪಣಿಯವರು ಮುನಿದು ಬರ್ಟನ್ ಊರಿನ ಆಲ್ಸಪ್ ಎಂಬ ಭಟ್ಟಿಗಾರನನ್ನು ಹಿಡಿದರು. ಆಲ್ಸಪ್ಪನ ಭಟ್ಟಿಯವನು ಮೊದಲ ಮಾದರಿಯನ್ನು ಚಹದ ಕುಡಿಕೆಯಲ್ಲಿ ಮಾಡಿ ತೋರಿಸಿದನೆಂದು ಪ್ರತೀತಿ. ಮನೆಯಲ್ಲಿ ಬಿಯರ್ ಮಾಡುವವರ ಕುಲದೇವತೆಯ ಪಟ್ಟಕ್ಕೆ ಆ ಕುಡಿಕೆ ಯೋಗ್ಯವಾದದ್ದು!

ಬರ್ಟನ್ನಿನ ಬಿಯರ್ ಲಂಡನ್ನಿನದನ್ನು ಸೋಲಿಸಿತು. ಸೋಲಿಸಿದ್ದು ಮನುಷ್ಯರಲ್ಲ, ನೀರು. ಅಲ್ಲಿಯ ಬಾವಿಗಳು ಜಿಪ್ಸಂ ಪದರದಿಂದ ಬರುವ ಗಡುಸು ನೀರಿನವು, ಮತ್ತು ಸಲ್ಫೇಟು ಹೆಚ್ಚಿದ್ದಲ್ಲಿ ಹಾಪ್ಸಿನ ಕಹಿ ಚುರುಕಾಗಿ, ಒಣಗಿದಂತೆ, ಸ್ಪಷ್ಟವಾಗಿ ನಿಲ್ಲುತ್ತದೆ. ಅಷ್ಟೇ ಹಾಪ್ಸನ್ನು ಮೆದು ನೀರಿಗೆ ಹಾಕಿದರೆ ಅದೇ ಕಹಿ ಮೊಂಡಾಗುತ್ತದೆ. ನಮ್ಮ ಜಂಬಿಟ್ಟಿಗೆ ನೆಲದ ನೀರು ಸಾಮಾನ್ಯವಾಗಿ ಮೆದುವಾದದ್ದು. ಕಹಿಯ ಮಾತಿನಲ್ಲಿ ಹಾಕಿದವನ ಕೈಯೊಂದೇ ಸಾಲದು, ಬಾವಿಯನ್ನೂ ಕೇಳಬೇಕು.

ಇನ್ನು ಕಥೆಯ ಕರಾಳ ಭಾಗ. ಹಾಪ್ಸ್ ದುಬಾರಿ; ಅದರ ಮೇಲೆ ಸರಕಾರದ ತೆರಿಗೆ ಬೇರೆ. ಕಡಮೆ ಹಾಪ್ಸ್ ಹಾಕಿ, ಕಡಮೆ ಮಾಲ್ಟ್ ಹಾಕಿ, ಕಹಿಯನ್ನೂ ಮತ್ತನ್ನೂ ಬೇರೆ ಕಡೆಯಿಂದ ತರುವ ಮೋಸ ಲಂಡನ್ನಿನಲ್ಲಿ ಬೆಳೆಯಿತು. ಆ ‘ಬೇರೆ ಕಡೆ’ ಎಂಬುದು ನಮ್ಮ ಪಶ್ಚಿಮ ಘಟ್ಟ. ಕಾಕಮಾರಿ ಎಂಬ ಬಳ್ಳಿಯ ಒಣಕಾಯಿ ಮಲೆಯಾಳದ ಕಡೆಯ ಬಂದರುಗಳಿಂದ ಇಂಗ್ಲೆಂಡಿಗೆ ಹೋಗುತ್ತಿತ್ತು. ಹೊಳೆಯ ನೀರಿಗೆ ಅರೆದು ಹಾಕಿ ಮೀನು ಹಿಡಿಯುತ್ತಿದ್ದ ಕಾಯಿ ಅದು. ಮೀನು ತಲೆತಿರುಗಿ ತೇಲುವಂತೆ ಲಂಡನ್ನಿನ ಕೂಲಿಯವನೂ ಬೇಗ ತೇಲಲಿ ಎಂಬ ಲೆಕ್ಕಾಚಾರ. ೧೮೧೬ರಲ್ಲಿ ಪಾರ್ಲಿಮೆಂಟು ಕಾಕಮಾರಿ, ಕಾಸರಕ ಮೊದಲಾದವನ್ನು ಬಿಯರಿಗೆ ಹಾಕುವುದನ್ನು ನಿಷೇಧಿಸಿತು; ಹಾಕಿದ ಭಟ್ಟಿಗಾರನಿಗೆ ೨೦೦ ಪೌಂಡು, ಅವನಿಗೆ ಮಾರಿದ ಔಷಧಿ ವ್ಯಾಪಾರಿಗೆ ೫೦೦ ಪೌಂಡು ದಂಡ. ಮಾರಿದವನಿಗೆ ಹೆಚ್ಚು ದಂಡವೆಂಬುದನ್ನು ಗಮನಿಸಬೇಕು. ೧೮೨೦ರಲ್ಲಿ ಫ್ರೆಡರಿಕ್ ಆಕಂ ಎಂಬ ರಸಾಯನಜ್ಞ ಆಹಾರದ ಕಲಬೆರಕೆಯ ಮೇಲೆ ಪುಸ್ತಕ ಬರೆದು, ಸಿಕ್ಕಿಬಿದ್ದವರ ಹೆಸರುಗಳನ್ನೇ ಅಚ್ಚುಹಾಕಿಸಿದ. ಮುಂದಿನ ವರ್ಷ ಆಕಂನ ಮೇಲೇ ಬೇರೊಂದು ಆರೋಪ ಬಂದು ಅವನು ಜರ್ಮನಿಗೆ ಹಿಂದಿರುಗಬೇಕಾಯಿತು.

ಆದಕಾರಣ ೧೮೫೨ರಲ್ಲಿ ಎದ್ದ ಗುಲ್ಲನ್ನು ಜನ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಪ್ಯಾರಿಸಿನ ರಸಾಯನಜ್ಞ ಪಾಯೆನ್ ತನ್ನ ಉಪನ್ಯಾಸವೊಂದರಲ್ಲಿ, ಫ್ರಾನ್ಸಿನಲ್ಲಿ ತಯಾರಾಗುವ ಸ್ಟ್ರಿಕ್ನಿನ್ ವಿಷ ಇಂಗ್ಲೆಂಡಿನ ಕಹಿ ಬಿಯರಿಗೆಂದು ಹೋಗುತ್ತಿದೆ ಎಂದು ಹೇಳಿದನೆಂಬ ಸುದ್ದಿ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂತು. ಮಾಲ್ಟಿನ ಹಿಟ್ಟನ್ನು ಸಕ್ಕರೆ ಮಾಡುವ ಡಯಾಸ್ಟೇಸನ್ನು ೧೮೩೩ರಲ್ಲಿ ಬೇರ್ಪಡಿಸಿದ ಇಬ್ಬರಲ್ಲಿ ಒಬ್ಬನು ಇದೇ ಪಾಯೆನ್. ಬಿಯರಿನ ರಹಸ್ಯ ತಿಳಿದವನೇ ಹೀಗೆಂದ ಮೇಲೆ ಕೇಳಬೇಕೆ! ಸ್ಟ್ರಿಕ್ನಿನ್ ಎಂದರೆ ಬೇರೇನೂ ಅಲ್ಲ, ನಮ್ಮ ಕಾಸರಕನ ಬೀಜದಲ್ಲಿರುವ ಕಹಿ. ವೈದ್ಯರ ವಿಷಮುಷ್ಟಿ ಇದೇ. ಕಾಸರಗೋಡಿನ ಹೆಸರು ಈ ಮರದಿಂದಲೇ ಬಂತೆಂಬ ಒಂದು ಮತವುಂಟು. ಕಾಸರಕನ ಕಿತ್ತಳೆ ಬಣ್ಣದ ಹಣ್ಣು ನೋಡಲು ಸೊಗಸು. ಬೀಜದ ಕಹಿ ಮಾತ್ರ ನಾಲಗೆಗೆ ತಾಗಿದರೆ ಮರೆಯುವಂಥದಲ್ಲ. ಬೇವು ಹಾಗಲಗಳ ಮರ್ಯಾದಸ್ಥ ಕಹಿಯೆಲ್ಲಿ, ಇದೆಲ್ಲಿ!

ಆಲ್ಸಪ್ಪನ ಮನೆತನದ ವ್ಯಾಪಾರ ನಿಂತುಹೋಗುವ ಹಾಗಾಯಿತು. ಆ ಮನೆಯ ಹೆನ್ರಿ ಆಲ್ಸಪ್ ವಾದಕ್ಕೆ ನಿಲ್ಲದೆ ಬಿಯರನ್ನೇ ಪರೀಕ್ಷೆಗೆ ಒಡ್ಡಿದ. ಪರೀಕ್ಷಿಸಿದವರು ಲಂಡನ್ನಿನ ಥಾಮಸ್ ಗ್ರಹಾಂ ಮತ್ತು ಹಾಫ್‌ಮನ್, ಇಬ್ಬರೂ ರಸಾಯನಶಾಸ್ತ್ರದ ಇತಿಹಾಸದಲ್ಲಿ ದೊಡ್ಡ ಹೆಸರುಗಳು. ಅವರ ವರದಿಯಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಮನೆಗಣಿತ. ಹಾಪ್ಸಿನ ಬದಲು ಸ್ಟ್ರಿಕ್ನಿನ್ ಹಾಕಿ ಪೇಲ್ ಏಲಿನಷ್ಟೇ ಕಹಿ ತರಬೇಕಾದರೆ ಗ್ಯಾಲನ್ನಿಗೆ ಒಂದು ಗ್ರೇನು ಬೇಕು. ಅರ್ಧ ಗ್ರೇನು ಪ್ರಾಣ ತೆಗೆಯಬಲ್ಲದು. ಹಾಗಾದರೆ ಅರ್ಧ ಗ್ಯಾಲನ್ ಕುಡಿದವನು ಸಾಯಬೇಕಿತ್ತು, ಅಷ್ಟು ಕುಡಿಯುವವರು ಇಂಗ್ಲೆಂಡಿನಲ್ಲಿ ಬೇಕಾದಷ್ಟು ಮಂದಿ ಬದುಕಿದ್ದರು. ಮೇಲಾಗಿ ವರ್ಷಕ್ಕೆ ೨,೦೦,೦೦೦ ಪೀಪಾಯಿಗೆ ಹಾಕಬೇಕಾದರೆ ೧೬,೦೦೦ ಔನ್ಸಿಗೂ ಮಿಕ್ಕು ವಿಷ ಬೇಕು; ಇಡೀ ಪ್ರಪಂಚದಲ್ಲಿ ಆಗ ತಯಾರಾಗುತ್ತಿದ್ದದ್ದು ೧,೦೦೦ ಔನ್ಸು ಇದ್ದೀತೋ ಇಲ್ಲವೋ. ಲೆಕ್ಕ ಮಾಡಿ ಸುಮ್ಮನಾಗಲಿಲ್ಲ. ಬಿಯರಿಗೆ ಮೂಳೆಯಿದ್ದಲನ್ನು ಹಾಕಿ ಕಲಕಿ, ಆ ಇದ್ದಲು ಹೀರಿಕೊಂಡದ್ದನ್ನು ಮದ್ಯಸಾರದಲ್ಲಿ ಇಳಿಸಿ, ಬಣ್ಣ ಕಟ್ಟುವ ಪರೀಕ್ಷೆ ಮಾಡಿದರು. ಒಂದು ಗ್ರೇನಿನ ಸಾವಿರದಲ್ಲೊಂದು ಪಾಲು ಸ್ಟ್ರಿಕ್ನಿನ್ ಇದ್ದರೂ ನೇರಳೆ ಬಣ್ಣ ಕಾಣಬೇಕು, ಕಾಣಲಿಲ್ಲ. ಜರ್ಮನಿಯ ಲೀಬಿಗ್ ಕೂಡ ಬಿಯರಿನ ಪರವಾಗಿ ಪತ್ರ ಬರೆದ. ಆಲ್ಸಪ್ ಅದನ್ನು ಜಾಹೀರಾತು ಮಾಡಿ ಕಳೆದುಕೊಂಡದ್ದಕ್ಕಿಂತ ಹೆಚ್ಚು ಸಂಪಾದಿಸಿಕೊಂಡನೆಂದು ತೋರುತ್ತದೆ.

ಇಲ್ಲಿ ಕೆಲಸ ಮಾಡಿದ್ದು ತಕ್ಕಡಿ. ನಾಲಗೆ ಸಾಕ್ಷಿಗೆ ಬರುವಂತಿರಲಿಲ್ಲ. ಕಹಿ ಎಂದರೆ ‘ಉಗುಳು’ ಎಂದು ದೇಹ ಹೇಳುವ ಎಚ್ಚರಿಕೆ. ಆ ಎಚ್ಚರಿಕೆ ಹಾಪ್ಸಿಗೂ ಒಂದೇ, ಕಾಸರಕಕ್ಕೂ ಒಂದೇ. ಎಷ್ಟು ಕಹಿ ಎಂಬುದನ್ನಾದರೂ ನಾಲಗೆ ಹೇಳೀತು, ಯಾರ ಕಹಿ ಎಂಬುದನ್ನು ಹೇಳಲಾರದು. ೧೮೬೨ರಲ್ಲಿ ಹಾಪ್ಸಿನ ತೆರಿಗೆ ರದ್ದಾದ ತರುವಾಯ ಇಂಗ್ಲೆಂಡಿನ ಭಟ್ಟಿಗಾರರು ಬದಲಿ ಕಹಿಗಳನ್ನು ರಾಜಾರೋಷವಾಗಿ ಪ್ರಯೋಗಿಸಿದರು. ಹಿಮಾಲಯದ ಕಿರಾತಕಡ್ಡಿ, ನಮ್ಮ ಅಜ್ಜಿಯರು ಜ್ವರಕ್ಕೆ ಕುದಿಸಿ ಕುಡಿಸುತ್ತಿದ್ದ ಅದೇ ಕಡ್ಡಿ, ಆ ಪಟ್ಟಿಯಲ್ಲಿತ್ತು.

ಈಗ ಶಿಷ್ಯನ ೩೫ಕ್ಕೆ ಬರೋಣ. ಈ ಅಂಕಿ ಹುಟ್ಟಿದ್ದು ೨೦ನೆಯ ಶತಮಾನದ ನಡುವೆ. ಬಿಯರಿಗೆ ಆಮ್ಲ ಬೆರೆಸಿ, ಐಸೊ-ಆಕ್ಟೇನ್ ಎಂಬ ದ್ರವದೊಡನೆ ಅಲುಗಿಸಿದರೆ ಹಾಪ್ಸಿನ ಕಹಿ ಆ ದ್ರವಕ್ಕೆ ಇಳಿಯುತ್ತದೆ. ಕಣ್ಣಿಗೆ ಕಾಣದ ೨೭೫ ನ್ಯಾನೊಮೀಟರ್ ಬೆಳಕನ್ನು ಅದರ ಮೂಲಕ ಹಾಯಿಸಿ, ಎಷ್ಟು ಬೆಳಕು ಹೀರಲ್ಪಟ್ಟಿತೆಂದು ನೋಡಿ, ೫೦ರಿಂದ ಗುಣಿಸಿದರೆ ಬರುವುದೇ ಕಹಿಯ ಮಾನ. ಸ್ಥೂಲವಾಗಿ, ಲೀಟರಿಗೆ ಒಂದು ಮಿಲಿಗ್ರಾಂ ಕಹಿಯಿದ್ದರೆ ಒಂದು ಮಾನ. ಮನೆಯಲ್ಲಿ ಈ ಯಂತ್ರವಿಲ್ಲವಾದ್ದರಿಂದ ಹವ್ಯಾಸಿಗಳು ಲೆಕ್ಕ ಹಾಕುತ್ತಾರೆ. ಶಿಷ್ಯ ಹಾಕಿದ್ದು ೩೦ ಗ್ರಾಂ ಹಾಪ್ಸ್. ಅದರಲ್ಲಿ ನೂರಕ್ಕೆ ಹತ್ತು ಪಾಲು ಕಹಿಯಾಗಬಲ್ಲ ಆಮ್ಲ. ಅಂದರೆ ೩,೦೦೦ ಮಿಲಿಗ್ರಾಂ, ೨೦ ಲೀಟರಿಗೆ ಹಂಚಿದರೆ ಲೀಟರಿಗೆ ೧೫೦. ಅಷ್ಟೂ ಕಹಿಯಾಗುವುದಿಲ್ಲ. ಒಂದು ಗಂಟೆ ಕುದಿಸಿದರೆ ನೂರಕ್ಕೆ ಸುಮಾರು ೨೩ ಪಾಲು ಮಾತ್ರ ಬಿಯರಿಗೆ ದಕ್ಕುತ್ತದೆ: ಅಲ್ಲಿಗೆ ೩೫. ಅದೇ ಹಾಪ್ಸನ್ನು ಕೊನೆಯ ಹತ್ತು ನಿಮಿಷಕ್ಕೆ ಹಾಕಿದ್ದರೆ ದಕ್ಕುವುದು ಎಂಟು ಪಾಲು, ಕಹಿ ೧೨. ಆದರೆ ಪರಿಮಳ ಹೆಚ್ಚು. ಕಷಾಯ ಕುದಿಸುವವರಿಗೂ ಒಗ್ಗರಣೆ ಹಾಕುವವರಿಗೂ ಇರುವ ವ್ಯತ್ಯಾಸವೇ ಇದು.

ಲೆಕ್ಕ ಸರಿಯೆ. ಆದರೆ ಲೆಕ್ಕದ ಒಂದೊಂದು ಕಾಲೂ ಅಲುಗಾಡುತ್ತದೆ. ಪೊಟ್ಟಣದ ಮೇಲೆ ಹತ್ತು ಎಂದು ಅಚ್ಚಾಗಿದ್ದರೂ ಬೆಚ್ಚಗಿನ ಕಪಾಟಿನಲ್ಲಿ ವರ್ಷ ಕಳೆದ ಹಾಪ್ಸಿನಲ್ಲಿ ಅಷ್ಟು ಉಳಿದಿರುವುದಿಲ್ಲ. ಯೀಸ್ಟ್ ತಳಕ್ಕಿಳಿಯುವಾಗ ಒಂದಿಷ್ಟು ಕಹಿಯನ್ನು ಹೊತ್ತುಕೊಂಡೇ ಇಳಿಯುತ್ತದೆ. ಬಾಟಲಿಯಲ್ಲಿ ತಿಂಗಳುಗಳು ಕಳೆದಂತೆ ಕಹಿ ತಾನಾಗಿ ಮಾಸುತ್ತದೆ. ಹಿಂದೂಸ್ಥಾನದ ದಾರಿಯಲ್ಲಿ ಆಗುತ್ತಿದ್ದದ್ದೂ ಅದೇ. ಬರ್ಟನ್ನಿನಲ್ಲಿ ಬಾಯಿಗಿಡಲಾಗದಷ್ಟು ಕಹಿಯಾಗಿದ್ದದ್ದು ಕಲ್ಕತ್ತೆಗೆ ಬರುವಷ್ಟರಲ್ಲಿ ಹದವಾಗಿರುತ್ತಿತ್ತು. ಇದಕ್ಕೆಲ್ಲ ಮಿಗಿಲಾದದ್ದು ಸಿಹಿ. ೩೫ ಮಾನದ ಕಹಿ ಮಾಲ್ಟಿನ ಸಿಹಿ ಉಳಿದಿರುವ ದಪ್ಪ ಬಿಯರಿನಲ್ಲಿ ಅಡಗಿ ಕೂರುತ್ತದೆ. ಸಕ್ಕರೆಯೆಲ್ಲ ಹುದುಗಿ ಹೋದ ತೆಳು ಬಿಯರಿನಲ್ಲಿ ಎದ್ದು ಬಡಿಯುತ್ತದೆ. ಯುಗಾದಿಯ ಬೇವು-ಬೆಲ್ಲದಲ್ಲಿ ಬೇವಿನ ಹೂ ಎಷ್ಟೆಂದು ಎಣಿಸಿ ಹೇಳಿದರೇನು ಬಂತು, ಬೆಲ್ಲ ಎಷ್ಟೆಂದು ಹೇಳದಿದ್ದರೆ?

ನಾಲಗೆಗಳೂ ಒಂದೇ ಅಚ್ಚಿನವಲ್ಲ. ೧೯೩೧ರಲ್ಲಿ ಅಮೆರಿಕದ 

ಫಾಕ್ಸ್ ಎಂಬ ರಸಾಯನಜ್ಞ ಪ್ರಯೋಗಶಾಲೆಯಲ್ಲಿ ಒಂದು ಪುಡಿಯನ್ನು ಸುರಿಯುವಾಗ ಅದರ ಧೂಳು ಹಾರಿತು. ಪಕ್ಕದವನು ಕಹಿ ಕಹಿ ಎಂದು ಮುಖ ಕಿವುಚಿದ. ಫಾಕ್ಸನಿಗೆ ಏನೂ ಇಲ್ಲ. ಈ ಭೇದ ವಂಶಪಾರಂಪರ್ಯವಾದದ್ದೆಂದು ತಿಳಿದು, ೨೦೦೩ರಲ್ಲಿ ಅದರ ಜೀನೂ ಸಿಕ್ಕಿತು. ಮನುಷ್ಯನ ನಾಲಗೆಯಲ್ಲಿ ಕಹಿಯನ್ನು ಹಿಡಿಯುವ ಗ್ರಾಹಕಗಳೇ ಸುಮಾರು ೨೫ ಬಗೆ. ಹಾಪ್ಸನ್ನು ಹಿಡಿಯುವವು ಫಾಕ್ಸನ ಪುಡಿಯನ್ನು ಹಿಡಿಯುವುದಕ್ಕಿಂತ ಬೇರೆ. ಒಬ್ಬನಿಗೆ ೬೦, ಇನ್ನೊಬ್ಬನಿಗೆ ೨೫ ಎನ್ನಿಸಿದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಜೊತೆಗೆ ಅಭ್ಯಾಸ ಎಂಬುದೊಂದಿದೆ. ಹಾಗಲಕಾಯಿಯ ಗೊಜ್ಜನ್ನು ಎರಡನೆಯ ಸಲ ಬಡಿಸಿಕೊಳ್ಳುವ ಮನೆಯಲ್ಲಿ ಬೆಳೆದವನ ನಾಲಗೆಯೂ ಜೋಳದ ಸಿಹಿ ತಿಂಡಿಯ ಮೇಲೆ ಬೆಳೆದವನ ನಾಲಗೆಯೂ ಒಂದೇ ತಕ್ಕಡಿಯೆ?

ಇನ್ನು ಕಹಿಯೋ ಒಗರೋ ಎಂಬ ಅವನ ಸಂದೇಹ. ಅದು ನಿಜಕ್ಕೂ ಒಳ್ಳೆಯ ಪ್ರಶ್ನೆ. ‘ಕಹಿ’ ನಮ್ಮ ಪ್ರಾಚೀನ ಮಾತು. ಹಳಗನ್ನಡದ ಕಯ್ಪೆ, ತುಳುವಿನ ಕೈಪೆ, ಮಲೆಯಾಳದ ಕೈಪ್ಪು ಒಂದೇ ತಾಯಿಯ ಮಕ್ಕಳು. ‘ಒಗರು’ ಬೇರೆ. ಕಹಿ ರುಚಿ, ನಾಲಗೆಯ ಹಿಂಭಾಗದಲ್ಲಿ ತಡವಾಗಿ ಎದ್ದು, ನುಂಗಿದ ಮೇಲೂ ಕುಳಿತಿರುತ್ತದೆ. ಒಗರು ಸ್ಪರ್ಶಕ್ಕೆ ಹತ್ತಿರವಾದದ್ದು. ಬಾಯಿ ಒಣಗುತ್ತದೆ, ಕೆನ್ನೆಯ ಒಳಭಾಗ ಬಿಗಿಯುತ್ತದೆ. ಸೊರಬದ ಅಡಿಕೆಯ ಮನೆಯವರಿಗೆ ಈ ಭೇದವನ್ನು ಹೇಳಿಕೊಡಬೇಕಾಗಿಲ್ಲ. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿ ಬೇಯಿಸಿ ಉಳಿಯುವ ಕೆಂಪು ಚೊಗರು ಒಗರಿನ ಸಾರಸರ್ವಸ್ವ. ಅದು ಎಷ್ಟು ಇಂಗಿತು, ಅಡಿಕೆಗೆ ಬಣ್ಣ ಹಿಡಿಯಿತೇ ಇಲ್ಲವೇ ಎಂಬುದನ್ನು ಸೌಟಿನಿಂದ ಇಳಿಬಿಟ್ಟು ಧಾರೆ ನೋಡಿ ಹೇಳುವವರು ಈಗಲೂ ಇದ್ದಾರೆ. ಅವರ ಬಳಿ ಮಾಪಕವಿಲ್ಲ. ಬೇಯಿಸಿದ ಅಡಿಕೆಯ ಧಾರಣೆ ಮಾತ್ರ ಆ ಧಾರೆಯ ಮೇಲೆ ನಿಂತಿದೆ. ಹಾಪ್ಸಿನಲ್ಲೂ ಕಹಿಯ ಆಮ್ಲದ ಜೊತೆಗೆ ಎಲೆ ಎಸಳುಗಳ ಟ್ಯಾನಿನ್ ಇದೆ. ಕಹಿ ಕಡಮೆಯಿರುವ ಜಾತಿಯ ಹಾಪ್ಸನ್ನು ರಾಶಿಗಟ್ಟಲೆ ಸುರಿದು ದೀರ್ಘವಾಗಿ ಕುದಿಸಿದರೆ ಅಂಕಿ ೩೫ರಲ್ಲೇ ಇರುತ್ತದೆ, ಬಾಯಿ ಮಾತ್ರ ಚೊಗರು ಕುಡಿದಂತಾಗುತ್ತದೆ. ಅಂಕಿ ತೂಗಿದ್ದು ಮುಖ್ಯವಾಗಿ ಕಹಿಯನ್ನು. ಒಗರನ್ನು ನಾಲಗೆಯೇ ತೂಗಬೇಕು. ಇಂಗ್ಲಿಷಿನ ಹವ್ಯಾಸಿಗಳು ಎರಡನ್ನೂ ಒಂದೇ ಮಾತಿನಲ್ಲಿ ಕಟ್ಟಿ, ಆಮೇಲೆ ‘ಒರಟು ಕಹಿ’, ‘ನಯವಾದ ಕಹಿ’ ಎಂದು ಒದ್ದಾಡುತ್ತಾರೆ.

ಶಿಷ್ಯನಿಗೆ ನಾನು ಬರೆದದ್ದು ಇಷ್ಟು. ಕಹಿ ಎಷ್ಟೆಂದು ಬರೆದಿರುವ ಅಂಗಡಿಯ ಪೇಲ್ ಏಲನ್ನು ಸಾಕ್ಷಿಗೆ ತಾ. ಎರಡೂ ಒಂದೇ ತಣ್ಪಿನಲ್ಲಿರಲಿ, ಏಕೆಂದರೆ ತಣ್ಪು ರುಚಿಯನ್ನು ಮರೆಸುತ್ತದೆ. ನಡುವೆ ಸಪ್ಪೆ ಅವಲಕ್ಕಿ ತಿಂದು ನೀರು ಮುಕ್ಕಳಿಸು. ಮೊದಲ ಗುಟುಕಿನಲ್ಲಿ ತೀರ್ಪು ಕೊಡಬೇಡ, ಕಹಿ ಗುಟುಕಿನ ಮೇಲೆ ಗುಟುಕು ಸೇರುತ್ತ ಹೋಗುವ ರುಚಿ; ಮೂರನೆಯದನ್ನು ನುಂಗಿ, ಸಿಹಿ ಸರಿದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡು. ಬಾಯಿ ಒಣಗಿದರೆ ಒಗರೆಂದು ಬೇರೆ ಬರೆದುಕೋ.

ಮನೆಯಲ್ಲಿ ಮಾಡುವ ಹಕ್ಕಿನ ಮಾತೂ ಚರಿತ್ರೆಗೆ ಸೇರಿದ್ದೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದು, ಆರ್. ಶಾಮಶಾಸ್ತ್ರಿಗಳು ಅದನ್ನು ೧೯೦೯ರಲ್ಲಿ ಅಚ್ಚಿಗೆ ತಂದದ್ದು ಕನ್ನಡ ನಾಡಿನ ಹೆಮ್ಮೆ. ಅದರ ಸುರಾಧ್ಯಕ್ಷನ ಪ್ರಕರಣ ಅತ್ಯಂತ ಕಟ್ಟುನಿಟ್ಟಿನದು. ಯಾರು, ಎಲ್ಲಿ, ಎಷ್ಟು ಕುಡಿಯಬೇಕೆಂಬುದಕ್ಕೆಲ್ಲ ಕಾನೂನು. ಅಂಥ ಕೌಟಿಲ್ಯನೂ ಸಂಸಾರಿಗಳು ವಿಶೇಷ ಸಮಾರಂಭಗಳಲ್ಲಿ ಬಿಳಿಯ ಸುರೆಯನ್ನೂ, ಔಷಧಿಗೆಂದು ಅರಿಷ್ಟವನ್ನೂ ಮನೆಯಲ್ಲಿ ಮಾಡಿಕೊಳ್ಳಬಹುದೆಂದು ಬಿಟ್ಟಿದ್ದಾನೆ. ಅಲ್ಲೇ ಮೈರೇಯವೆಂಬ ಪಾನೀಯಕ್ಕೆ ಮೇಷಶೃಂಗಿಯ ತೊಗಟೆಯ ಕಷಾಯ, ಬೆಲ್ಲ, ಹಿಪ್ಪಲಿ, ಮೆಣಸು ಹೇಳಿದೆ. ಮೇಷಶೃಂಗಿ ಎಂದರೆ ಸಿಹಿಯನ್ನೇ ಕೊಲ್ಲುವ ಮಧುನಾಶಿನಿ ಎನ್ನುವವರಿದ್ದಾರೆ. ಅದು ನಿಜವಾದರೆ ಬೆಲ್ಲದ ಎದುರಿಗೆ ಕಹಿಯನ್ನು ನಿಲ್ಲಿಸುವ ಯುಕ್ತಿ ನಮ್ಮಲ್ಲೂ ಹಳೆಯದೆ. ಇಂಗ್ಲೆಂಡಿನಲ್ಲಿ ಮನೆಯ ಬಿಯರಿಗೆ ಪರವಾನಗಿ ಬೇಡವೆಂದಾದದ್ದು ೧೯೬೩ರಲ್ಲಿ. ಅಮೆರಿಕದಲ್ಲಿ ಆ ಮಸೂದೆಗೆ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ್ದು ೧೯೭೮ರಲ್ಲಿ. ನಮ್ಮಲ್ಲಿ ಕರ್ನಾಟಕ ಅಬಕಾರಿ ಕಾಯಿದೆ, ೧೯೬೫ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಸೊರಬದ ವಾಚಕರು ಮೇಲಿನ ಲೆಕ್ಕವನ್ನು ಗಣಿತವೆಂದು ಮಾತ್ರ ಓದಿಕೊಳ್ಳಬೇಕು! ಕುಡಿತ ಎಷ್ಟು ಸಂಸಾರಗಳನ್ನು ತೊಳೆದಿದೆಯೆಂಬುದನ್ನು ಕಂಡವರು ಕಾನೂನನ್ನು ಹಗುರವಾಗಿ ಆಡಲಾರರು. ೨೦೦೭ರ ಜುಲೈ ೧ರಿಂದ ಸಾರಾಯಿ ನಿಂತಾಗ ನಮ್ಮ ಹಳ್ಳಿಗಳ ಹೆಂಗಸರು ಬಿಟ್ಟ ನಿಟ್ಟುಸಿರು ನನಗೆ ನೆನಪಿದೆ. ಆದರೂ ಬಗನಿಯ ರಸ ಸಿಹಿಯಿಂದ ಹುಳಿಗೆ ತಿರುಗುವ ಗಳಿಗೆಯನ್ನು ವಾಸನೆಯಿಂದಲೇ ಹೇಳಬಲ್ಲ ಮುದುಕರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಅವರನ್ನು ಯಾರೂ ಕೂರಿಸಿ ಕೇಳಿ ಬರೆದುಕೊಂಡಿಲ್ಲ. ಬರ್ಟನ್ನಿನ ಭಟ್ಟಿಯ ದಿನಚರಿಗಳು ಗ್ರಂಥಾಲಯದಲ್ಲಿ ಭದ್ರವಾಗಿವೆ.

ಕಹಿ ಬಿಯರ್ ದಂಡಿನ ಜೊತೆ ಬೆಂಗಳೂರಿಗೂ ಬಂದಿತ್ತು. ೧೮೦೯ರಲ್ಲಿ ದಂಡು ನೆಲೆಯಾಯಿತು. ಆ ಶತಮಾನದ ಕೊನೆಯ ಹೊತ್ತಿಗೆ ಇಲ್ಲೇ ಭಟ್ಟಿಗಳೆದ್ದವು. ೧೯೧೫ರಲ್ಲಿ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಹಲವು ಭಟ್ಟಿಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರುವರೀಸ್ ಮಾಡಿದ. ಮಂಜುಗಡ್ಡೆ, ರೈಲು, ಶೀತಕ ಯಂತ್ರ ಬಂದ ಮೇಲೆ ಕಾವಲುಗಾರನ ಕೆಲಸ ಹೋಯಿತು. ಕಹಿ ಇಳಿಯುತ್ತ ಬಂದು, ನಮ್ಮ ದೇಶದ ಸಾಧಾರಣ ಬಿಯರಿನಲ್ಲಿ ಹೆಸರಿಗಷ್ಟೇ ಉಳಿಯಿತು. ೨೦೧೦ರ ಆಚೀಚೆ ಬೆಂಗಳೂರಿನಲ್ಲಿ ಚಿಕ್ಕ ಚಿಕ್ಕ ಭಟ್ಟಿಗಳಿಗೆ ಪರವಾನಗಿ ಸಿಕ್ಕ ಮೇಲೆ, ಯಾವ ಹಡಗೂ ಹತ್ತದ ಈ ‘ಇಂಡಿಯ’ ಪೇಲ್ ಏಲ್ ಬರಿಯ ರುಚಿಗಾಗಿ ಮತ್ತೆ ಹುಟ್ಟಿದೆ. ಹೋದ ವರ್ಷ ಉತ್ತರಪತ್ರಿಕೆ ತಿದ್ದಲು ಬೆಂಗಳೂರಿಗೆ ಹೋಗಿದ್ದಾಗ ಸ್ನೇಹಿತರೊಬ್ಬರು ಅಂಥ ಒಂದು ಕಡೆಗೆ ಕರೆದೊಯ್ದರು. ಗೋಡೆಯ ಮೇಲಿನ ಹಲಗೆಯಲ್ಲಿ ಒಂದೊಂದು ಬಿಯರಿನ ಹೆಸರಿನ ಮುಂದೆಯೂ ಕಹಿಯ ಅಂಕಿ ಬರೆದಿತ್ತು. ನಮ್ಮ ಪಕ್ಕದ ಮೇಜಿನಲ್ಲಿ ಅರುವತ್ತು ದಾಟಿದ ಒಬ್ಬರು ಮಗನ ಜೊತೆ ಬಂದಿದ್ದರು. ಹಲಗೆಯನ್ನು ಬಹಳ ಹೊತ್ತು ಓದಿ, ಬಡಿಸುವ ಹುಡುಗನನ್ನು ಕರೆದು, ‘ಅಲ್ಲಪ್ಪ, ಈ ನಲವತ್ತೈದು ಅನ್ನೋದು ಹಾಗಲಕಾಯಿಯಷ್ಟೋ, ಮೆಂತ್ಯದಷ್ಟೋ?’ ಎಂದು ಕೇಳಿದರು. ಹುಡುಗ ಹಲಗೆಯ ಕಡೆ ತಿರುಗಿಯೂ ನೋಡಲಿಲ್ಲ. ‘ಮೆಂತ್ಯ ಸಾರ್, ಹುರಿದ ಮೆಂತ್ಯ’ ಎಂದ.